ಎಂಬತ್ತು ಡಿಗ್ರಿಯ ಮಾವ

ನಮ್ಮ ಮಾವನಿಗೆ ಸಿಟ್ಟು ಬರುವುದೇ ಇಲ್ಲ. ಹೋದರೆ ತಾನೇ ಬರುವುದಕ್ಕೆ! ಡೊಂಬಿವಲಿಯ ರಿಕ್ಷಾದವರನ್ನು ಹಿಂದಿಯಲ್ಲಿ, ಕರೆಂಟ್ ಆಫೀಸನ್ನು ಮರಾಠಿಯಲ್ಲಿ, ನನ್ನನ್ನು ಕನ್ನಡದಲ್ಲಿ ಬೈಯುತ್ತಾರೆ. ತುಳುವನ್ನು ಮಾತ್ರ ತಾವೇ ಕೈಯಾರೆ ಮಾಡಿದ ಯಂತ್ರಗಳಿಗೆಂದು ತೆಗೆದಿಟ್ಟಿದ್ದಾರೆ. ಮನೆಯ ಭಾಷೆ ಮನೆಮಕ್ಕಳಿಗೇ ಅಲ್ಲವೇ?

ದಿನಕ್ಕೆ ನಾಲ್ಕೈದು ಗಂಟೆ ಲೋಡ್‌ಶೆಡ್ಡಿಂಗ್ ಇದ್ದ ಕಾಲದ ಮಾತು. ಅತ್ತೆ ಮನೆಯಲ್ಲೇ ಇಡ್ಲಿ ಹಿಟ್ಟು ರುಬ್ಬಿ ಬಿಲ್ಡಿಂಗಿನವರಿಗೆ ಮಾರುತ್ತಿದ್ದರು. ಅವರ ಮನೆಯಲ್ಲಿದ್ದುಕೊಂಡು ಠಾಣೆಯಲ್ಲಿ ನಾನು ಓದುತ್ತಿದ್ದ ಕಾಲೇಜಿನ ಕ್ಯಾಂಟೀನಿಗೆ ದಿನಾ ಎರಡು ಡಬ್ಬ ಹಿಟ್ಟು ಬೇಕಾಗಿತ್ತು. ನನಗೆ ಬಾಯಿ ಒಂದು ಇದೆಯಲ್ಲ, ಮಾತಾಡಿ ಕುದುರಿಸಿಬಿಟ್ಟೆ. ಅತ್ತೆಯ ಮೊದಲ ದೊಡ್ಡ ಗಿರಾಕಿ! ಆ ಖುಷಿಗೆ ಅವರು ಒಳ್ಳೆಯ ಸೀರೆ ಉಟ್ಟುಕೊಂಡು ಅಕ್ಕಿ ನೆನೆಹಾಕಿದರು.

ಆಗ ನಡುವೆ ಬಂದರು ಮಾವ.

“ಮಳೆಗಾಲದಲ್ಲಿ ಬೆರಳು ಅದ್ದಿ ನೋಡಿ ಹಿಟ್ಟು ಉಬ್ಬಿಸುವುದು ಎಂತ ಪದ್ಧತಿ ಮಾರಾಯ್ತಿ? ನಾನೊಂದು ಪೆಟ್ಟಿಗೆ ಮಾಡಿಕೊಡ್ತೇನೆ!”

ಯಾರಾದರೂ ಕೇಳಿದ್ದರೇ? ಇಲ್ಲ. ಮಾವನನ್ನು ಯಾರೂ ಕೇಳುವುದಿಲ್ಲ, ಮಾವನೂ ಯಾರನ್ನೂ ಕೇಳುವುದಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಅವರು ಬಣ್ಣ ಒಣಗಿಸುವ ಓವನ್‌ಗಳಿಗೆ ಕಂಟ್ರೋಲರ್ ಮಾಡುತ್ತಿದ್ದರು. ಪ್ಲೈವುಡ್ ಪೆಟ್ಟಿಗೆ, ಒಳಗೊಂದು ಹೀಟರ್, ಉಗುರಿನಷ್ಟು ದೊಡ್ಡ ಮೈಕ್ರೋಕಂಟ್ರೋಲರ್ ಚಿಪ್, ಹೊರಗೆ ಎರಡು ಕೆಂಪು ಅಂಕಿ. ಕಾರ್ಖಾನೆಯ ಪ್ರೋಗ್ರಾಮನ್ನೇ ತಂದು ತುಂಬಿದರು. ಅತ್ತೆ ಹೇಳಿದಂತೆ ಬಟನ್ ಒತ್ತಿ ಮೂವತ್ತು ಡಿಗ್ರಿ ಇಟ್ಟರು.

ಮಧ್ಯಾಹ್ನ ಕರೆಂಟ್ ಹೋಯಿತು. ಚಿಪ್ ಮೂವತ್ತನ್ನು ಮರೆಯಿತು. ಕರೆಂಟ್ ಬಂದಾಗ ಕಣ್ಣು ಬಿಟ್ಟು, “ನಾನು ಯಾರು? ಎಲ್ಲಿದ್ದೇನೆ?” ಎಂದು ಯೋಚಿಸಿ, ಕಾರ್ಖಾನೆಯ ಹಳೇ ಚಟದಂತೆ ಸೀದಾ ಎಂಬತ್ತಕ್ಕೆ ಹೋಯಿತು. ಅತ್ತೆಯ ಹಿಟ್ಟನ್ನು ಬಣ್ಣ ಬಳಿದ ಕಬ್ಬಿಣದ ಕಪಾಟು ಅಂದುಕೊಂಡು ಚೆನ್ನಾಗಿ ಒಣಗಿಸಿತು!

ಮರುದಿನ ಬರಿಗೈಯಲ್ಲಿ ಹೋದ ನನಗೆ ಕ್ಯಾಂಟೀನಿನ ಕಾರ್ಕಳದ ಯಜಮಾನರು, “ಎಂತ ಮಾರಾಯ, ಇಡ್ಲಿ ಕೇಳಿದವರಿಗೆ ನಿನ್ನನ್ನೇ ಬೇಯಿಸಿ ಕೊಡಲಾ?” ಎಂದರು.

ಮಾವ ಫೋನು ಹಿಡಿದು ಕರೆಂಟ್ ಆಫೀಸನ್ನು ಬೈದರು. ಬೈದು ಬೈದು ಗಂಟಲು ಕಟ್ಟಿತು. ಉಳಿದದ್ದನ್ನು ತಮ್ಮ ದನಿಯಲ್ಲಿ ಬೈಯುವ ಕೆಲಸ ನನಗೆ ವಹಿಸಿದರು. ಕಾಲೇಜಿನಲ್ಲಿ ಮಿಮಿಕ್ರಿ ಮಾಡುತ್ತಿದ್ದವನಲ್ಲವೇ ನಾನು? ಜೀವ ಬಿಟ್ಟು ಗುಡುಗಿದೆ. ಆ ಕಡೆಯ ಗುಮಾಸ್ತ ಕಾಳಜಿಯಿಂದ ಕೇಳಿದ: “ಕಾಕಾ, ಇವತ್ತು ದನಿ ಮೆತ್ತಗಿದೆ. ತಬ್ಯೇತ್ ಬರೀ ಆಹೇ ನಾ? ಆರೋಗ್ಯ ಸರಿ ಇದೆ ತಾನೇ?”

ಎಷ್ಟು ವರ್ಷದ ಪರಿಚಯವೋ!

ಆಮೇಲೆ ರಿಪೇರಿ. ಚಿಪ್ಪಿನೊಳಗೆ ಕರೆಂಟ್ ಹೋದರೂ ಅಳಿಯದ ಒಂದು ಜಾಗ ಇದೆಯಂತೆ. ಅಲ್ಲಿ ಮೂವತ್ತು ಎಂದು ಒಮ್ಮೆ ಬರೆದರೆ ಮುಗಿಯಿತು. ಆದರೆ ಮಾವ ಒಮ್ಮೆ ಹೇಳಿ ಬಿಟ್ಟ ವಿಷಯ ಭೂಮಿಯ ಮೇಲೆ ಯಾವುದಾದರೂ ಇದೆಯೇ? ಸೆಕೆಂಡಿಗೊಮ್ಮೆ ಬರೆಯಲು ಹೇಳಿದರು. ಮೂವತ್ತು, ಮೂವತ್ತು, ಮೂವತ್ತು! ಒಂದೇ ಜಾಗದಲ್ಲಿ ಲಕ್ಷಗಟ್ಟಲೆ ಸಲ ಬರೆದರೆ ಅದು ಸವೆದುಹೋಗುತ್ತದೆ. ನಮ್ಮ ಕಿವಿಗಳಾದರೂ ಇಪ್ಪತ್ತು ವರ್ಷ ತಡೆದುಕೊಂಡಿದ್ದವು. ಪಾಪದ ಚಿಪ್ ವಾರದೊಳಗೆ ಕೈಚೆಲ್ಲಿತು. ಮತ್ತೆ ಕರೆಂಟ್ ಹೋಯಿತು, ಮತ್ತೆ ಎಂಬತ್ತು, ಮತ್ತೆ ಎರಡು ಡಬ್ಬ ಹಿಟ್ಟು ಗಟಾರಕ್ಕೆ.

“ಇನ್ನೊಂದು ಸಲ ಹೀಗಾದರೆ ಬೇರೆಯವರಿಂದ ತರಿಸ್ತೇನೆ,” ಎಂದರು ಯಜಮಾನರು. ಈ ಸಲ ತಮಾಷೆ ಇರಲಿಲ್ಲ.

ನನಗೂ ಸಿಟ್ಟು ಬಂದಿತ್ತು, ನಿಜವಾದ ಸಿಟ್ಟು. ಆದರೆ ನಾನು ಕೂಗಿದರೆ ಎಲ್ಲರೂ ಮಿಮಿಕ್ರಿ ಎಂದು ನಗುತ್ತಾರೆ. ಕಸುಬು ಕಲಿತದ್ದರ ಫಲ!

ಅತ್ತೆ ಮಾತ್ರ ಕೂಗಲಿಲ್ಲ. ಗ್ರೈಂಡರ್ ತೊಳೆದು, ಒರೆಸಿ, ಮೇಲೆ ಹಳೇ ಬೆಡ್‌ಶೀಟ್ ಹೊದೆಸಿದರು.

“ನಿಮ್ಮ ಪೆಟ್ಟಿಗೆಗೆ ಹಿಟ್ಟು ಯಾಕೆ ಮಾರಾಯ್ರೇ? ನಿಮ್ಮ ಹಠವನ್ನೇ ಹಾಕಿ ಉಬ್ಬಿಸಿ. ನಾನು ಇನ್ನು ರುಬ್ಬುವುದಿಲ್ಲ.”

ಮಾವ ನಾಲ್ಕೂ ಭಾಷೆಗಳನ್ನು ಬದಿಗಿಟ್ಟು ಸ್ಕ್ರೂಡ್ರೈವರ್ ಹುಡುಕತೊಡಗಿದರು.

ಭಾನುವಾರ ಇಡೀ ದಿನ ಅವರು ಹೊಸ ಚಿಪ್ ಇಟ್ಟುಕೊಂಡು ಬಾಲ್ಕನಿಯಲ್ಲಿ ಕೂತರು. ಸಂಜೆ ನನ್ನನ್ನು ಕರೆದರು. “ಬಾ ಮಂಗ. ಪ್ಲಗ್ ಕೀಳು.” ಕಿತ್ತೆ. “ಹಾಕು.” ಹಾಕಿದೆ. ಮೂವತ್ತು! ಹತ್ತು ಸಲ ಕಿತ್ತೆ, ಹತ್ತು ಸಲವೂ ಮೂವತ್ತು. ಯಾರಾದರೂ ಬಟನ್ ಒತ್ತಿ ಬದಲಿಸಿದಾಗ ಮಾತ್ರ ಬರೆದುಕೊಳ್ಳುವಂತೆ ಮಾಡಿದ್ದರು.

ನಾನು ಸುಮ್ಮನಿರಬಹುದಿತ್ತು. ನನಗೆ ಅದು ಎಲ್ಲಿ ಬರುತ್ತದೆ? “ಮಾವ, ಇದೂ ಸವೆದರೆ? ಮತ್ತೆ ಎಂಬತ್ತಾ?”

ಬೈಗುಳಕ್ಕೆ ಸಿದ್ಧನಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಅವರು ಬೈಯಲಿಲ್ಲ. ಬರೆದಿಟ್ಟದ್ದನ್ನೆಲ್ಲ ತಾವೇ ಅಳಿಸಿ, ಪ್ಲಗ್ ತಾವೇ ಕಿತ್ತು, ತಾವೇ ಹಾಕಿದರು.

ಅಂಕಿ ಬರಲಿಲ್ಲ. ಎರಡು ಕೆಂಪು ಗೆರೆ ಬಂದವು. ಹೀಟರ್ ಹತ್ತಲೇ ಇಲ್ಲ. ಪೆಟ್ಟಿಗೆ ಸಣ್ಣಗೆ ಕುಂಯ್ ಕುಂಯ್ ಎಂದು ಕರೆಯತೊಡಗಿತು.

ಅತ್ತೆ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು. “ಎಂತಾಯ್ತಂತೆ ಅದಕ್ಕೆ?”

ಮಾವ ಅವರ ಮುಖ ನೋಡಲಿಲ್ಲ. ಪೆಟ್ಟಿಗೆಯನ್ನೇ ನೋಡುತ್ತ, ನನಗೆ ಇವತ್ತಿಗೂ ಅನುಕರಿಸಲು ಬಾರದ ಒಂದು ದನಿಯಲ್ಲಿ ಹೇಳಿದರು:

“ಅದಕ್ಕೆ ಗೊತ್ತಿಲ್ಲವಂತೆ. ನೀನೇ ಹೇಳಬೇಕಂತೆ.”