ಭಾಗ್ಯಶ್ರೀ ಬಾಯಿ ಬಿಟ್ಟಳು

ಮಧ್ಯಾಹ್ನದ ಊಟಕ್ಕೆ ಬಿರಿಯಾನಿ ಇಲ್ಲದಿದ್ದರೆ ವಾಸುದೇವ ಮಾಸ್ತರರಿಗೆ ಈ ಫಜೀತಿ ಬರುತ್ತಿರಲಿಲ್ಲ. ಅಬಿಡ್ಸ್‌ನ ಒಂದು ಸಭಾಂಗಣದಲ್ಲಿ ಶಿಕ್ಷಕರಿಗೆ ತರಬೇತಿ ನಡೆದಿತ್ತು. ಬೇರೆ ಭಾಷೆ, ಬೇರೆ ರೀತಿರಿವಾಜಿನ ಮನೆಗಳಿಂದ ಬರುವ ಮಕ್ಕಳ ಕಷ್ಟ ಅರಿಯುವುದು ಹೇಗೆಂಬುದು ವಿಷಯ. ಹೊಟ್ಟೆ ತುಂಬಿದ ಮಾಸ್ತರರ ತಲೆ ಎಮ್ಮೆ ಕೊರಳಿನ ಗಂಟೆಯಂತೆ ತೂಗತೊಡಗಿತು. ಸಂಜೆ ಒಬ್ಬ ವಿದ್ಯಾರ್ಥಿಯ ಮನೆಗೆ ಹೋಗಿ, ನಾಳೆ ಎಲ್ಲರೆದುರು ವರದಿ ಓದಲು ಯಾರು ತಯಾರು ಎಂದು ವೇದಿಕೆಯಿಂದ ಕೇಳಿದರು. ಇಡೀ ಸಭೆಯಲ್ಲಿ ಅಲ್ಲಾಡಿದ ತಲೆ ಅದೊಂದೇ.

ಚಪ್ಪಾಳೆಯ ಸದ್ದಿಗೆ ಎಚ್ಚರವಾದಾಗ ಪಕ್ಕದಲ್ಲಿದ್ದ ಹೆಡ್‌ಮೇಡಂ ವತ್ಸಲಾ ಮಾಸ್ತರರನ್ನೇ ಅಭಿಮಾನದಿಂದ ನೋಡುತ್ತಿದ್ದರು. ಕೆಲಸ ತೆಲುಗು ಶಾಲೆಯಲ್ಲಾದರೂ ಇಬ್ಬರ ಮನೆಮಾತೂ ಕನ್ನಡವೇ.

"ಭಾಳ ಛಲೋ ಮಾಡಿದ್ರಿ. ನಿಮ್ಮ ಕ್ಲಾಸಿನ ಭಾಗ್ಯಶ್ರೀ ಮನಿಗೇ ಹೋಗ್ರಿ. ಜೂನ್‌ದಾಗ ಸೇರಿದ ಹುಡುಗಿ, ದಸರಾ ಬಂತು, ಸಾಲ್ಯಾಗ ಒಂದ ಮಾತ ಆಡಿಲ್ಲ. ಏನ ಕಷ್ಟ ಐತೋ ಏನೋ."

ಕೊಂಡಾಪುರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಶೆಡ್ಡುಗಳ ಸಾಲು. ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದವರು ಅಲ್ಲಿದ್ದರು. ಮೊದಲ ಶೆಡ್ಡಿನ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೂಗಮ್ಮನಿಗೆ ಮಾಸ್ತರರು, "ಸಮಸ್ಯೆ ಏನ ಅದಾವು ಕೇಳಾಕ ಬಂದೀನಿ" ಎಂದರು.

ಅದೇ ತಪ್ಪಾಯಿತು.

"ನಳದಾಗ ನೀರ ಬರೂದಿಲ್ರಿ ಸಾಹೇಬ್ರ," ಎಂದಳು ಸೂಗಮ್ಮ. ಸುದ್ದಿ ಶೆಡ್ಡಿನಿಂದ ಶೆಡ್ಡಿಗೆ ಹಾರಿತು. ಒಬ್ಬಳು ರೇಷನ್ ಕಾರ್ಡು ತಂದಳು. ಗಾರೆ ಕೆಲಸದ ಗೌಂಡಿ ಪರಮೇಶ ಬಂದವನೇ ಬಾಯಿ ಅಗಲಿಸಿ ದವಡೆ ಹಲ್ಲು ತೋರಿಸಿದ.

"ನಾ ಡಾಕ್ಟರ್ ಅಲ್ಲಪಾ, ಮಾಸ್ತರ."

"ಇರ್ಲಿ ತಗೋರಿ, ಕಲತವರದೀರಿ, ಒಂದೀಟ ನೋಡ್ರಿ."

ಮಾಸ್ತರರು ನೋಡಿದರು. ಅಷ್ಟರಲ್ಲಿ ಭಾಗ್ಯಶ್ರೀಯ ತಾಯಿ ಪಾರ್ವತೆಮ್ಮ ಸಿಮೆಂಟು ಹತ್ತಿದ ಕೈ ಒರೆಸಿಕೊಳ್ಳುತ್ತ ಬಂದಳು. ವಿಷಯ ಕೇಳಿ ಅವಳಿಗೆ ನಂಬಿಕೆಯೇ ಬರಲಿಲ್ಲ.

"ನನ್ನ ಮಗಳು ಮಾತಾಡೂದಿಲ್ಲಾ? ಸರ, ಮನ್ಯಾಗ ಅಕಿ ಬಾಯಿಗೆ ನಮ್ಮ ಕಿವಿ ತೂತ ಬಿದ್ದಾವು."

ಹೌದು, ಶೆಡ್ಡಿನ ಹಿಂದಿನಿಂದ ಯಾರನ್ನೋ ಜೋರಾಗಿ ಬೈಯುತ್ತಲೇ ಭಾಗ್ಯಶ್ರೀ ಓಡಿಬಂದಳು. ಮಾಸ್ತರರನ್ನು ಕಂಡದ್ದೇ ಅವಳ ಬಾಯಿ ಟ್ರಂಕಿನ ಮುಚ್ಚಳದಂತೆ ಮುಚ್ಚಿಕೊಂಡಿತು.

"ದೃಷ್ಟಿ ಆಗೇತಿ," ಎಂದಳು ಸೂಗಮ್ಮ. ಬೆಂಕಿಗೆ ಮೆಣಸಿನಕಾಯಿ ಬಿದ್ದವು. ಹುಡುಗಿಗೆ ನಿವಾಳಿಸಿ, ಇರಲಿ ಎಂದು ಮಾಸ್ತರರಿಗೂ ನಿವಾಳಿಸಿದರು. ಮಾಸ್ತರರು ಕೆಮ್ಮಿ ಕೆಮ್ಮಿ ಇಟ್ಟಿಗೆಯ ರಾಶಿಯ ಮೇಲೆ ಕುಸಿದರು. ಹುಡುಗಿ ಕೆಮ್ಮಿದಳು, ಆದರೆ ಬಾಯಿ ಬಿಡಲಿಲ್ಲ.

ಪಾರ್ವತೆಮ್ಮನ ದನಿ ಇಳಿಯಿತು. "ಇವರಪ್ಪ ಮೊದಲ ಅನ್ನಾಕತ್ತಾನ್ರಿ, ಸಾಲಿ ಬಿಡಿಸಿ ಊರಾಗ ಅಜ್ಜಿ ಕಡೆ ಬಿಡೂನು ಅಂತ. ಇದು ಗೊತ್ತಾದ್ರ ನಾಳೇನ ಕಳಸ್ತಾನ. ಹೇಳವಾ, ಯಾಕ ಮಾತಾಡೂದಿಲ್ಲ ನೀ?"

ಆಗಲೇ ವತ್ಸಲಾ ಮೇಡಂ ಅವರ ವಿಡಿಯೋ ಕಾಲ್ ಬಂತು. ಕೆಮ್ಮುತ್ತಿದ್ದ ಮಾಸ್ತರರ ಕೈಯಿಂದ ಸೂಗಮ್ಮ ಫೋನು ಇಸಿದುಕೊಂಡು, ಎಲ್ಲರೂ ಕಾಣುವಂತೆ ಎತ್ತಿ ಹಿಡಿದಳು.

ಹುಡುಗಿ ತಾಯಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಪಾರ್ವತೆಮ್ಮ ಮಾಸ್ತರರ ಕಡೆ ತಿರುಗಿದಳು.

"ಮೊದಲನೇ ದಿನ ನೀವು ಅಕಿಗೆ, 'ನಾ ಹೇಳೂತನಕ ಬಾಯಿ ತೆಗೀಬ್ಯಾಡ' ಅಂದಿದ್ರಂತ. ನೀವು ಇನ್ನಾ ಹೇಳಿಲ್ಲಂತ."

ಮಾಸ್ತರರಿಗೆ ಅದು ನೆನಪೇ ಇರಲಿಲ್ಲ. ದಿನಕ್ಕೆ ಹತ್ತು ಸಲ ಅವರು ತೆಲುಗಿನಲ್ಲಿ ಹೇಳುವ ಮಾತು ಅದು. ಯಾವ ಮಗುವೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇವಳಿಗೆಂದು ಅವತ್ತು ಕನ್ನಡದಲ್ಲಿ ಹೇಳಿದ್ದರು. ಆ ಶಾಲೆಯಲ್ಲಿ ಹುಡುಗಿಗೆ ಪೂರ್ತಿ ಅರ್ಥವಾದ ಮಾತು ಅದೊಂದೇ.

ಅವರಿಗೆ ನಿಜವಾಗಿ ನಾಚಿಕೆಯಾಯಿತು. ಹುಡುಗಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ತಪ್ಪಾತವಾ. ಇನ್ನ ಮಾತಾಡು, ಎಷ್ಟ ಬೇಕಾದ್ರೂ ಮಾತಾಡು" ಎಂದರು.

ಕಟ್ಟೆ ಒಡೆಯಿತು. ಬೆಂಚು ಅಲ್ಲಾಡುತ್ತದೆ, ಬಿಸಿಯೂಟದ ಸಾರು ತೆಳ್ಳಗಿರುತ್ತದೆ, ಪಕ್ಕದ ಹುಡುಗಿ ಪೆನ್ಸಿಲ್ ಕದಿಯುತ್ತಾಳೆ ಎಂದು ತಿಂಗಳುಗಟ್ಟಲೆ ಕೂಡಿಟ್ಟದ್ದೆಲ್ಲ ಹೊರಬಂತು. ಪಾರ್ವತೆಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಫೋನಿನೊಳಗಿಂದ ವತ್ಸಲಾ ಮೇಡಂ ಪ್ರೀತಿಯಿಂದ ಕೇಳಿದರು:

"ಸರ್ ಕ್ಲಾಸಿನ್ಯಾಗ ಏನೇನ ಕಲಸ್ತಾರವಾ?"

"ಲೆಕ್ಕ ಕಲಸ್ತಾರ್ರಿ. ನಮಗ ಬ್ಯಾಸರಾದ್ರ, ಮೇಡಂ, ನೀವ ಹೆಂಗ ನಡೀತೀರಿ ಅಂತ ನಡದ ತೋರಸ್ತಾರ್ರಿ."

ಮಾಸ್ತರರು ಮತ್ತೆ ಕೆಮ್ಮತೊಡಗಿದರು. ಈ ಸಲ ಹೊಗೆ ಇರಲಿಲ್ಲ.

"ಹೌದಾ? ಹೆಂಗ ನಡೀತೀನಿ?"

ಭಾಗ್ಯಶ್ರೀ ತಾಯಿಯ ಊಟದ ಚೀಲ ಹೆಗಲಿಗೆ ಹಾಕಿಕೊಂಡು, ಕುತ್ತಿಗೆ ಮುಂದೆ ಚಾಚಿ, ಬಾತುಕೋಳಿಯಂತೆ ಆ ಕಡೆ ಈ ಕಡೆ ವಾಲುತ್ತ ಶೆಡ್ಡಿನ ಉದ್ದಕ್ಕೂ ನಡೆದು ಬಂದಳು. ಹಲ್ಲುನೋವು ಮರೆತು ಪರಮೇಶ ಹೊಟ್ಟೆ ಹಿಡಿದು ನಕ್ಕ. ನಗುವಿನಿಂದ ಸೂಗಮ್ಮನ ಕೈಯಲ್ಲಿದ್ದ ಫೋನು ಗಡಗಡ ಅಲುಗುತ್ತಿತ್ತು. ಅದರೊಳಗೆ ವತ್ಸಲಾ ಮೇಡಂ ಮಾತ್ರ ನಗಲಿಲ್ಲ.

"ವಾಸುದೇವ ಅವರ, ನಾಳೆ ವರದಿ ನೀವು ಓದೂದ ಬ್ಯಾಡ್ರಿ," ಎಂದರು. "ಆ ಹುಡುಗಿನ್ನ ಕರಕೊಂಡ ಬರ್ರಿ. ಎಲ್ಲಾರ ಮುಂದ ಅಕಿನ ಹೇಳಲಿ."