ಗೋಡೆಗೆ ಮೂರು ತಟ್ಟು

ಪಕ್ಕದ ಕೋಣೆಯ ಸಂಗೀತ ನಿಂತಾಗಿನಿಂದ ಕನ್ನಡಕದಂಗಡಿಯ ಗುಮಾಸ್ತನಿಗೆ ಊಟ ಸೇರುತ್ತಿರಲಿಲ್ಲ. ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತ "ಇದು ಸರಿ ಕಾಣುತ್ತಾ, ಇದಾ?" ಎಂದು ದಿನವಿಡೀ ಕೇಳುವ ಆ ಬಾಯಿಗೆ, ಪಕ್ಕದವಳ ಮುಂದೆ ನಿಂತು "ಚೆನ್ನಾಗಿ ನುಡಿಸ್ತೀರಿ" ಎನ್ನುವಷ್ಟು ಧೈರ್ಯ ಮಾತ್ರ ಇರಲಿಲ್ಲ. ಅವಳು ನುಡಿಸಿ ಮುಗಿಸಿದಾಗ ಗೋಡೆಗೆ ಮೂರು ಸಲ ತಟ್ಟುತ್ತಿದ್ದ. ಪಾಪ, ಅವನ ಚಪ್ಪಾಳೆ ಅಷ್ಟೇ. ಇತ್ತೀಚೆಗಂತೂ ಆ ನಾದ ಬರಬರುತ್ತಾ ಸಣ್ಣಗಾಗಿ, ಕೊನೆಗೆ ಇಲ್ಲವೇ ಆಗಿತ್ತು.

"ತಂತಿ ಕಿತ್ತುಹೋಗಿರ್ಬೇಕು," ಎಂದ ಕೆಳಮನೆಯ ದರ್ಜಿ. ಊರವರ ಉಸಾಬರಿಯೆಲ್ಲ ತನ್ನದೇ ಎನ್ನುವ ಆಸಾಮಿ. "ಹೊಸ ತಂತಿ ತಗೊಂಡ್ಹೋಗಿ ಕೊಡು. ಬಾಗಿಲು ತಟ್ಟೋಕೆ ಒಂದು ನೆಪ ಆಯ್ತಲ್ಲ."

"ಯಾವ ವಾದ್ಯಕ್ಕೆ ಅಂತ ತರಲಿ? ಅದನ್ನ ನಾನು ಕಣ್ಣಲ್ಲಿ ನೋಡೇ ಇಲ್ಲ."

"ಕಿವಿ ಇದೆಯಲ್ಲ. ನಡಿ."

ವಾದ್ಯದಂಗಡಿಯಲ್ಲಿ ಗಿಟಾರಿನ ಮರಿಗಳಂಥ ನಾಲ್ಕು ತಂತಿಯ ಯುಕುಲೇಲೆಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ತೂಗುತ್ತಿದ್ದವು, ಕೊನೆಯಲ್ಲಿ ಒಂದು ಕ್ಲಾಸಿಕಲ್ ಗಿಟಾರ್. "ಒಂದೇ ಅಂಗಿ, ಬೇರೆ ಬೇರೆ ಅಳತೆ," ಎಂದು ದರ್ಜಿ ತೀರ್ಪು ಕೊಟ್ಟ. ಗುಮಾಸ್ತ ಕೇಳಿದ್ದು ಗೋಡೆಯಾಚೆಯಿಂದ ತಾನೆ, ಇಲ್ಲೂ ಹಾಗೆಯೇ ಕೇಳಲಿ ಎಂದು ಅವನನ್ನು ಸಾಮಾನಿನ ಕೋಣೆಗೆ ತಳ್ಳಿ ಬಾಗಿಲು ಹಾಕಿದ.

ಅಂಗಡಿಯಾಕೆ ಎಲ್ಲಕ್ಕಿಂತ ಚಿಕ್ಕದಾದ ಸೊಪ್ರಾನೊ ಮೀಟಿದಳು. ನಾದ ಟಿಣ್ ಎಂದು ಹುಟ್ಟಿ ಅಲ್ಲೇ ಆರಿತು.

"ಇದೇ," ಒಳಗಿನಿಂದ ದನಿ ಬಂತು. "ಕೊನೆಕೊನೆಗೆ ಕೇಳಿದ್ದು ಇದೇ."

ಅದಕ್ಕಿಂತ ಒಂದಳತೆ ದೊಡ್ಡದಾದ ಕಾನ್ಸರ್ಟ್ ಮೀಟಿದಳು. ದನಿ ಕೊಂಚ ಮೈದುಂಬಿತ್ತು. "ಇದೂ ಹೌದು. ಅದಕ್ಕೂ ಮುಂಚೆ."

ಟೆನರ್ ಇನ್ನಷ್ಟು ಮೆತ್ತಗೆ, ಇನ್ನಷ್ಟು ಹೊತ್ತು ನಿಂತಿತು. "ಇದು ಇನ್ನೂ ಮುಂಚೆ."

"ಎಲ್ಲದಕ್ಕೂ ಹೂಂ ಅಂತೀಯಲ್ಲಯ್ಯ," ದರ್ಜಿ ಗೊಣಗಿದ.

"ಇದು ಬ್ಯಾರಿಟೋನ್. ಗಿಟಾರಿನ ದಪ್ಪ ತಂತಿ ಎರಡು ತೆಗೆದ್ರೆ ಉಳಿಯೋದು ಇದೇ," ಎಂದಳು ಅಂಗಡಿಯಾಕೆ.

"ಇದೂ ಹೌದು, ಮೊದಲು ಕೇಳಿದ್ದಕ್ಕೆ ಹತ್ತಿರ ಬಂತು. ಆದ್ರೆ ತಳ ಸಾಲ್ದು," ಎಂದಿತು ಬಾಗಿಲು.

ಆಮೇಲೆ ಗಿಟಾರ್. ಹೆಬ್ಬೆರಳು ದಪ್ಪ ತಂತಿಗೆ ತಾಗಿತೋ ಇಲ್ಲವೋ, ನಾದ ಬಾಗಿಲು ದಾಟಿ ಗುಮಾಸ್ತನ ಎದೆಗೂಡಿಗೆ ಇಳಿಯಿತು. ಅವನು ಆ ಕೋಣೆಗೆ ಬಾಡಿಗೆಗೆ ಬಂದ ಮೊದಲ ಸಂಜೆ, ಗಂಟು ಬಿಚ್ಚಲೂ ಮನಸ್ಸಿಲ್ಲದೆ ಕೂತಿದ್ದಾಗ ಕೇಳಿದ್ದು ಇದನ್ನೇ. ಮನೆಯಲ್ಲಿ ತನಗಾಗಿ ಯಾರೋ ಕಾದಿದ್ದಾರೆ ಅನ್ನಿಸಿತ್ತು. ಅಂದಿನಿಂದ ಅವನಿಗೆ ಸಂಜೆ ಎಂದರೆ ಆ ಗೋಡೆ. ಅವಳು ಬೇಕು, ಅವಳ ಆ ನಾದವೂ ಬೇಕು ಎಂದು ಕತ್ತಲಲ್ಲಿ ಕಣ್ಣು ತುಂಬಿಕೊಂಡಿತು.

ಅಂಗಡಿಯಾಕೆ ನುಡಿಸಿ ಮುಗಿಸಿದಳು. ಬಾಗಿಲಿನ ಹಿಂದಿನಿಂದ ಅಭ್ಯಾಸಬಲದಿಂದ ಮೂರು ತಟ್ಟು ಕೇಳಿಸಿತು.

ಅವಳು ಎದ್ದು ಬಾಗಿಲು ತೆಗೆದಳು. "ಓಹೋ, ಆ ಗೋಡೆ ಗುದ್ದೋ ಮನುಷ್ಯ ನೀವೇನಾ?"

ಗುಮಾಸ್ತ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದ.

"ಒಬ್ಬರು ಮೇಡಂ ಇದೇ ಗಿಟಾರ್ ನುಡಿಸ್ತಿದ್ರು. ಗದ್ದಲ ಅಂತ ಪಕ್ಕದವನು ಮೂರು ಮೂರು ಸಲ ಗೋಡೆ ಗುದ್ದುತ್ತಾನೆ ಅಂತ ಇದನ್ನ ಕೊಟ್ಟು ಬ್ಯಾರಿಟೋನ್ ತಗೊಂಡ್ರು. ಆಗ್ಲೂ ಗುದ್ದಿದ್ನಂತೆ. ಟೆನರ್ ತಗೊಂಡ್ರು. ಆಗ್ಲೂ ಗುದ್ದಿದ. ಕಾನ್ಸರ್ಟಿಗೂ ಅದೇ ಕಥೆ. ಕೊನೆಗೆ ಈ ಪುಟ್ಟದನ್ನ ತಗೊಂಡು, ಇದನ್ನೂ ವಾಪಸ್ ಕೊಟ್ಟು ಹೋದ್ರು. ಇದಕ್ಕಿಂತ ಚಿಕ್ಕದು ನಮ್ಮಲ್ಲಿ ಇರ್ಲಿಲ್ಲ."

"ಅದು ಚಪ್ಪಾಳೆ," ಎಂದ ಗುಮಾಸ್ತ.

ತಂತಿ ಕೊಳ್ಳಲು ಬಂದವನು ಆ ಗಿಟಾರನ್ನೇ ಕೊಂಡ. ಅದನ್ನು ಮಗುವಿನಂತೆ ಎದೆಗೊತ್ತಿಕೊಂಡು, ಅವಳಿಗೆ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಮನೆಗೆ ಓಡಿದ. ದರ್ಜಿ ಮುಂದೆ ಮುಂದೆ ಜನರನ್ನು ಸರಿಸಿಕೊಂಡು ಹೋದ.

ಮೆಟ್ಟಿಲ ಮೇಲೆ ಮನೆಯೊಡತಿ ಎದುರಾದಳು. ಪಕ್ಕದ ಕೋಣೆಯ ಬಾಗಿಲಲ್ಲಿ ಯಾರದೋ ಗಂಡಸಿನ ಬೂಟುಗಳಿದ್ದವು.

"ಇವತ್ತು ಖಾಲಿ ಮಾಡಿಸ್ಬಿಟ್ಟೆ ಕಣಪ್ಪ," ಎಂದಳು ಅಭಿಮಾನದಿಂದ. "ಪಾಪ, ನೀನು ಗೋಡೆ ಗುದ್ದಿ ಗುದ್ದಿ ಸುಸ್ತಾಗಿದ್ಯಲ್ಲ, ನಿನಗೋಸ್ಕರನೇ. ಅವಳಿಗೂ ಒಂಟಿ ಮನೆ ಸಿಕ್ತಂತೆ, ಅಕ್ಕಪಕ್ಕ ಯಾರೂ ಇಲ್ವಂತೆ."

"ಎಲ್ಲಿ?"

"ಅದನ್ನ ನಿನಗೆ ಮಾತ್ರ ಹೇಳ್ಬೇಡಿ ಅಂದಿದಾಳೆ. ಇನ್ನು ನೆಮ್ಮದಿಯಾಗಿರು. ಈಗ ಬಂದಿರೋರು ರಾತ್ರಿ ಪಾಳಿಯವರು, ಹೊತ್ತು ಮುಳುಗೋವರೆಗೂ ಮಲಗಿರ್ತಾರೆ. ಸದ್ದೇ ಇರಲ್ಲ."

ಸಂಜೆ, ಹೊತ್ತು ಮುಳುಗುವ ಮುನ್ನವೇ, ಗುಮಾಸ್ತ ಗೋಡೆಗೊರಗಿ ಕೂತ. ಅವಳ ಬೆರಳು ಓಡಾಡಿದ್ದ ವಾದ್ಯವಾದರೂ ತನ್ನ ತೊಡೆಯ ಮೇಲಿದೆಯಲ್ಲ ಎಂದುಕೊಂಡು ದಪ್ಪ ತಂತಿಯನ್ನು ಒಮ್ಮೆ ಮೀಟಿದ. ಅದೇ ನಾದ ಕೋಣೆ ತುಂಬಿತು. ಮತ್ತೊಮ್ಮೆ ಮೀಟಿದ.

ಗೋಡೆಯಾಚೆಯಿಂದ ಮೂರು ಸಲ ತಟ್ಟಿದ ಸದ್ದಾಯಿತು.

ಗುಮಾಸ್ತ ಅಂಗೈಯಿಂದ ತಂತಿಗಳನ್ನು ಅದುಮಿ ಹಿಡಿದ. ಅದು ಮೆಚ್ಚುಗೆಯೇ ಇರಬೇಕು ಎಂದು ಎಷ್ಟು ಹೇಳಿಕೊಂಡರೂ, ಮತ್ತೆ ಮೀಟಲು ಕೈ ಬರಲಿಲ್ಲ.