ಮೂರು ಕಂಪ್ಯೂಟರಿಗೆ ಒಂದೇ ಬಿಕ್ಕಳಿಕೆ

ಸಾಮಾನು ಕೆಟ್ಟದಾಗಿರುವ ತನಕ ಮನುಷ್ಯನ ಮಾನ ಗಟ್ಟಿಯಾಗಿರುತ್ತದೆ. ಅಕ್ಷರ ಸೊಟ್ಟಗಿದ್ದರೆ ಪೆನ್ನು ಸರಿಯಿಲ್ಲ, ಮುದ್ದೆ ಗಂಟಾದರೆ ಹಿಟ್ಟು ಸರಿಯಿಲ್ಲ, ಫೋಟೋದಲ್ಲಿ ಮುಖ ಊದಿಕೊಂಡಿದ್ದರೆ ಫೋಟೋಗ್ರಾಫರ್ ಸರಿಯಿಲ್ಲ. ಕಡೆಯದೊಂದನ್ನು ನಾನು ಒಪ್ಪುವುದಿಲ್ಲ, ಯಾಕೆಂದರೆ ಫೋಟೋಗ್ರಾಫರ್ ನಾನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಮ್ಮಜ್ಜಿ ಮಾತು ಮಾತಿಗೂ ಚುಚ್ಚುತ್ತಿದ್ದಳು. ಪಾಪ, ಅವಳಿಗೆ ತಿಳಿಯದೆ ಹೋದದ್ದೇನೆಂದರೆ ಡೊಂಕು ನೆಲ ಸಿಕ್ಕವಳು ಪುಣ್ಯವಂತೆ. ಆಸೆಪಟ್ಟು ನೆಲಕ್ಕೆ ಗ್ರಾನೈಟು ಹಾಸಿಕೊಂಡು, ಆಮೇಲೂ ಕುಣಿಯಲಾರದವಳು ಯಾರನ್ನು ಬೈಯಬೇಕು? ಈ ಪ್ರಶ್ನೆ ಹೋದ ಆಷಾಢದಲ್ಲಿ ನನಗೆ ಎದುರಾಯಿತು.

ಮಂಡ್ಯದಲ್ಲಿ ನನ್ನದೊಂದು ಸ್ಟುಡಿಯೋ. ಮದುವೆ, ಗೃಹಪ್ರವೇಶ, ಮಗುವಿನ ಕಿವಿ ಚುಚ್ಚುವುದು, ಎಲ್ಲದರ ವಿಡಿಯೋ ತೆಗೆಯುವವನು ನಾನು. ಆಲ್ಬಂ ಮಾಡುವವಳು, ಗಿರಾಕಿಗಳಿಗೆ ಸಮಾಧಾನ ಹೇಳುವವಳು, ಒಟ್ಟಿನಲ್ಲಿ ಕೆಲಸ ಮಾಡುವವಳು ನನ್ನ ಹೆಂಡತಿ ಸುನಂದ. ಮದುಮಗಳ ಮೂಗಿನ ಮೇಲಿನ ಬೆವರ ಹನಿಯನ್ನೂ ಎಣಿಸಬಹುದಾದಂಥ ಕ್ಯಾಮೆರಾಗಳು ಬಂದ ಮೇಲೆ ನಮ್ಮ ಹಳೆಯ ಕಂಪ್ಯೂಟರು ಏದುಸಿರು ಬಿಡತೊಡಗಿತು. ಹೊಸದನ್ನು ತಂದೆ. ಅದರ ವೈಭವವನ್ನು ಏನು ಹೇಳಲಿ! ಒಳಗೆ ಏಳು ಬಣ್ಣದ ದೀಪ, ಆರು ಫ್ಯಾನು, ಬಿಸಿಯಾಗದಂತೆ ಕೊಳವೆಯಲ್ಲಿ ನೀರು ಹರಿಸುವ ಏರ್ಪಾಡು. ನಾನು ಮಲಗುವ ಕೋಣೆಯಲ್ಲಿ ಇರುವುದು ಒಂದು ಫ್ಯಾನು, ಅದೂ ಕಿರುಗುಟ್ಟುತ್ತದೆ. ನನ್ನ ಕಂಪ್ಯೂಟರನ್ನು ನೋಡಿ ಮದ್ದೂರಿನಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಭಾವಮೈದ ಪುಟ್ಟರಾಜನೂ, ಮಳವಳ್ಳಿಯಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ನಂಜುಂಡನೂ ಅಂಥದ್ದೇ ತಂದರು. ಇಡೀ ಜಿಲ್ಲೆಯಲ್ಲಿ ನನ್ನ ಮಾತು ಕೇಳುವವರು ಅವರಿಬ್ಬರೇ. ಕೇಳುತ್ತಿದ್ದವರು ಅನ್ನಬೇಕೇನೋ.

ಆಷಾಢದಲ್ಲಿ ಮದುವೆಯಿಲ್ಲ. ಹೊಸ ಸೊಸೆ ಅತ್ತೆಯ ಕಣ್ಣಿಗೆ ಬೀಳಬಾರದೆಂದು ತವರಿಗೆ ಹೋಗುತ್ತಾಳೆ. ಮದುವೆ ವಿಡಿಯೋದವನು ಮಾತ್ರ ತಿಂಗಳಿಡೀ ಹೆಂಡತಿಯ ಕಣ್ಣೆದುರಿಗೇ ಇರಬೇಕು. ಇದಕ್ಕೆ ಹಿರಿಯರು ಯಾವ ಪರಿಹಾರವನ್ನೂ ಹೇಳಿ ಹೋಗಿಲ್ಲವಾದ್ದರಿಂದ ನಾವು ಮೂವರೂ ಒಂದನ್ನು ಕಂಡುಕೊಂಡೆವು. ಮಧ್ಯಾಹ್ನದ ಊಟ ಮುಗಿಸಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ನಮ್ಮ ನಮ್ಮ ಊರಿನಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಒಂದೇ ಆಟ ಆಡುವುದು. ಹಾಳೂರಿನಲ್ಲಿ ಬಂದೂಕು ಹಿಡಿದು ಅವಿತುಕೊಂಡು, ಎದುರು ತಂಡದ ಮೂವರನ್ನು ಹುಡುಕಿ ಹೊಡೆಯುವ ಆಟ. ಎದುರು ತಂಡ ಯಾವಾಗಲೂ ಮೈಸೂರು ಕಡೆಯ ಮೂವರು ಸ್ಟುಡಿಯೋದವರೇ. ಆಷಾಢದ ಕಡೆಯ ಭಾನುವಾರ ದೊಡ್ಡ ಪಂದ್ಯ. ಗೆದ್ದವರು ಮುಂದಿನ ಆಷಾಢದವರೆಗೆ ಸೋತವರನ್ನು ಛತ್ರಗಳಲ್ಲಿ ಕಂಡಾಗಲೆಲ್ಲ ಆಡಿಕೊಂಡು ನಗಬಹುದು. ನಮ್ಮ ತಂಡಕ್ಕೆ ನಾನೇ ಕ್ಯಾಪ್ಟನ್. ಆಟ ಚೆನ್ನಾಗಿ ಬರುತ್ತದೆಂದಲ್ಲ, ವಯಸ್ಸಿನಲ್ಲಿ ದೊಡ್ಡವನೆಂದು. ನಮ್ಮ ಕಡೆ ಯಜಮಾನಿಕೆ ಬರುವುದೇ ಹಾಗೆ.

ಆದರೆ ಆ ಸಲ ಮೂವರ ಕಂಪ್ಯೂಟರಿಗೂ ಬಿಕ್ಕಳಿಕೆ ಹತ್ತಿತು. ಸಿನಿಮಾ ಆಗಲಿ ಆಟವಾಗಲಿ, ತೆರೆಯ ಮೇಲೆ ಓಡುವುದೆಲ್ಲ ಬಿಡಿ ಬಿಡಿ ಚಿತ್ರಗಳು. ಒಂದು ಸೆಕೆಂಡಿಗೆ ಇಷ್ಟು ಫ್ರೇಮು ಅಂತ ಓಡಿದರೆ ಕಣ್ಣಿಗೆ ನಡೆದಂತೆ ಕಾಣುತ್ತದೆ. ಮದುವೆ ವಿಡಿಯೋಗೆ ಇಪ್ಪತ್ತೈದು ಸಾಕು. ಈ ಆಟಕ್ಕೆ ನೂರರ ಮೇಲೆ ಬೇಕು. ತೆರೆಯ ಮೂಲೆಯಲ್ಲಿ ಆ ಅಂಕಿ ತೋರಿಸುತ್ತಿರುತ್ತದೆ. ನನ್ನದು ನೂರಾ ನಲವತ್ತನಾಲ್ಕು ತೋರಿಸಿ, ಇದ್ದಕ್ಕಿದ್ದಂತೆ ಮೂವತ್ತೇಳಕ್ಕೆ ಬಿದ್ದು, ತೊಂಬತ್ತಕ್ಕೆ ಹಾರಿ, ಹನ್ನೆರಡಕ್ಕೆ ಕುಸಿಯುತ್ತಿತ್ತು. ಬಾಗಿಲ ಹತ್ತಿರ ಇದ್ದ ಶತ್ರು, ನಡುವೆ ಏನೂ ನಡೆಯದೆ, ನನ್ನ ಮೂಗಿನ ಮುಂದೆ ನಿಂತಿರುತ್ತಿದ್ದ. ಆಮೇಲೆ ನಾನು ಇರುತ್ತಿರಲಿಲ್ಲ. ಇಪ್ಪತ್ತು ವರ್ಷ ಫ್ರೇಮು ಮಾರಿ ಅನ್ನ ಉಂಡವನಿಗೆ ಫ್ರೇಮುಗಳೇ ಕೈಕೊಟ್ಟವು.

ಮಂಗಳವಾರ ನಂಜುಂಡ ಫೋನ್ ಮಾಡಿದ. "ಏನ್ಲಾ ಕ್ಯಾಪ್ಟನ್ನು, ನಿನ್ ಮಾತ್ ಕೇಳಿ ಮನೇಗೆ ಆನೆ ತಂದು ಕಟ್ಕಂಡೆ. ನೆಟ್ಟಗೆ ನಾಲ್ಕೆಜ್ಜೆ ನಡೆಯಾಕಿಲ್ಲ ಅಂತದಲ್ಲಲಾ!"

"ಎಲ್ಲ ಸರಿಹೋಗುತ್ತೆ ಬಿಡು" ಅಂದೆ.

"ಆಗ್ಲೇ ಹದಿನೈದ್ ದಿನದಿಂದ ಬುಟ್ಟಿವ್ನಿ ಕಣ್ಲಾ!"

ಅವನಾದರೂ ಗೆಳೆಯ, ಬೈದು ಮರೆಯುತ್ತಾನೆ. ಪುಟ್ಟರಾಜ ಬೈಯುವುದಿಲ್ಲ. ಬಹಳ ಮರ್ಯಾದಸ್ಥ. "ಬಾವ, ಭಾನ್ವಾರದೊಳ್ಗೆ ಸರಿ ಆದ್ರೆ ಸರಿ. ಇಲ್ದಿದ್ರೆ ಕ್ಯಾಪ್ಟನ್ ಕೆಲ್ಸ ನಾನೇ ನೋಡ್ಕತೀನಿ. ನೀವು ಆರಾಮಾಗಿ ಇಂದ್ಗಡೆ ಇರಿ. ಬೇಜಾರ್ ಮಾಡ್ಕಬ್ಯಾಡಿ" ಅಂದ. ಹೆಂಡತಿಯ ತಮ್ಮನ ಕೈಕೆಳಗೆ ಹಿಂದ್ಗಡೆ ಆರಾಮಾಗಿ ಇರುವುದೆಂದರೇನು ಎಂಬುದನ್ನು ಮದುವೆಯಾದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮದ್ದೂರಿನ ಅತ್ತೆಮನೆಯಲ್ಲಿ ನನಗೆಂದು ಹಾಕುವ ಕುರ್ಚಿಯೊಂದಿದೆ. ಅದರ ಕಾಲು ಅಲ್ಲಾಡುತ್ತಿರುವುದು ನನಗೆ ಮಂಡ್ಯದಿಂದಲೇ ಕಾಣಿಸಿತು.

ಮೊದಲು ಕರೆಂಟಿನ ಮೇಲೆ ಅನುಮಾನಪಟ್ಟೆ. ನನ್ನ ಸೋದರಮಾವ ಕಾವೇರಿ ಧುಮುಕುವ ಬ್ಲಫ್‌ನಲ್ಲಿ ವಿದ್ಯುತ್ ಕೇಂದ್ರದ ಕೆಲಸದಲ್ಲಿದ್ದು ನಿವೃತ್ತರಾದವರು. ಅವರಿಗೆ ಫೋನ್ ಮಾಡಿ, "ಮಾವ, ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಯೂ ಒಂದೇ ತೊಂದರೆ. ಕರೆಂಟಿನಲ್ಲೇ ಏನೋ ಏರುಪೇರು ಇರಬೇಕು" ಅಂದೆ.

"ಏನಂದೆ? ಕರೆಂಟಾ? ಲೇ, ನಿಮ್ಮಪ್ಪ ಚಡ್ಡಿ ಆಕ್ಕೊಳಾಕೆ ಕಲಿಯೋಕ್ ಮುಂಚಿಂದ್ಲೂ ಅಲ್ಲಿ ನೀರ್ ಬೀಳ್ತಾ ಐತೆ, ಕರೆಂಟ್ ಬತ್ತಾ ಐತೆ. ಒಂದಿನಾನಾದ್ರೂ ಬಿಕ್ಕಳಿಸ್ತೇನ್ಲಾ ಅದು? ಬಿಕ್ಕಳಿಕೆ ಬಂದ್ರೆ ನೀರ್ ಕುಡ್ಸು ನಿನ್ ಡಬ್ಬಕ್ಕೆ!"

"ಅದರೊಳಗೆ ಆಗಲೇ ನೀರು ಇದೆ ಮಾವ."

"ಅಂಗಾರೆ ಎಚ್ಚಾಗೈತೆ. ಚೆಲ್ಲು!" ಎಂದು ಫೋನ್ ಇಟ್ಟರು. ಕಾವೇರಿಯ ಪರವಾಗಿ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಕರೆಂಟು ನಿರಪರಾಧಿ ಎಂದಾದ ಮೇಲೆ ಇಂಟರ್ನೆಟ್ ಲೈನನ್ನು ಹಿಡಿದೆ. ನಮ್ಮ ಬೀದಿಯಲ್ಲಿ ಕಬ್ಬಿನ ಲೋಡಿನ ಟ್ರ್ಯಾಕ್ಟರು ಹೋಗುವಾಗ ಮೇಲಿನ ವೈರುಗಳನ್ನೆಲ್ಲ ಜಡೆ ಎಳೆದಂತೆ ಎಳೆದುಕೊಂಡೇ ಹೋಗುವುದು. ಕೇಬಲ್ಲಿನವನು ಬಂದು, ಏಣಿ ಹತ್ತಿ, ಇಳಿದು, ಬಾಕ್ಸಿಗೆ ಏನೋ ಸಿಕ್ಕಿಸಿ ನೋಡಿ, "ಲೈನು ಬೆಣ್ಣೆ ಇದ್ದಂಗೈತೆ ಸಾರ್. ಆದ್ರೆ ನಿಮ್ಮನೆಯಿಂದ ಆಚೀಕೇ ಏನೋ ಬಾಳ ಓಯ್ತಾ ಐತಲ್ಲ?" ಅಂದ. ನಾನು ನಕ್ಕೆ. ನಮ್ಮ ಮನೆಯಿಂದ ಆಚೆಗೆ ಹೋಗುವುದು ನಮ್ಮಿಬ್ಬರ ಜಗಳದ ಸದ್ದೊಂದೇ, ಅದಕ್ಕೆ ಕೇಬಲ್ಲು ಬೇಕಾಗಿಲ್ಲ. ಏಣಿ ಹತ್ತುವವನಿಗೆ ಏನು ಗೊತ್ತು ಅಂದುಕೊಂಡು ಕಾಫಿ ಕೊಟ್ಟು ಕಳಿಸಿದೆ.

ಆಮೇಲೆ ಲೋಕದ ಪಂಡಿತರನ್ನೆಲ್ಲ ಕೇಳಿದೆ. ಈಗ ಎಂಥ ರೋಗಕ್ಕೂ ಹತ್ತು ನಿಮಿಷದ ವಿಡಿಯೋ ಇದೆ. ಮೊದಲನೆಯವನು ಡ್ರೈವರ್ ಹೊಸದು ಹಾಕಿ ಅಂದ. ಡ್ರೈವರ್ ಅಂದರೆ ಕಾರಿನವನಲ್ಲ, ಚಿತ್ರ ಮೂಡಿಸುವ ಕಾರ್ಡಿಗೆ ಬುದ್ಧಿ ಹೇಳುವ ತಂತ್ರಾಂಶ. ಹಾಕಿದೆ. ಎರಡನೆಯವನು ಹೊಸ ಡ್ರೈವರೇ ಎಲ್ಲ ಅನಿಷ್ಟಕ್ಕೂ ಮೂಲ, ಹಳೆಯದನ್ನೇ ಹಾಕಿ ಅಂದ. ಹಾಕಿದೆ. ಮೂರನೆಯವನು ಇವೆರಡನ್ನೂ ಮಾಡಿದವರನ್ನು ದೇವರೇ ಕಾಪಾಡಬೇಕು ಎಂಬ ಅರ್ಥದಲ್ಲಿ ನಕ್ಕ. ನಾಲ್ಕನೆಯವನ ಮಾತು ಕೇಳಿ ಆಟದ ಚಿತ್ರವನ್ನೇ ತೆಳುಮಾಡಿದೆ. ಮೊದಲು ನೆರಳು ತೆಗೆದೆ, ಆಮೇಲೆ ಹುಲ್ಲು, ಆಮೇಲೆ ಮರ. ಕಡೆಗೆ ಅಲ್ಲಿನ ಊರು ನಾಲೆಗೆ ನೀರು ಬಿಡದ ವರ್ಷದ ಗದ್ದೆಬಯಲಿನಂತೆ ಬೋಳಾಯಿತು. ಅವಿತುಕೊಳ್ಳಲು ಒಂದು ಪೊದೆಯೂ ಉಳಿಯದೆ ಮೊದಲಿಗಿಂತ ಬೇಗ ಸಾಯತೊಡಗಿದೆ. ಐದನೆಯವನು ಗಾಳಿ ಆಡಲಿ ಅಂದ. ಕಂಪ್ಯೂಟರಿಗೆ ನಮ್ಮತ್ತೆ ಕೈಯಾರೆ ಹೆಣೆದು ಹೊದಿಸಿದ್ದ ನೂಲಿನ ಕವರನ್ನು ತೆಗೆದೆ. ಬಿಕ್ಕಳಿಕೆ ನಿಲ್ಲಲಿಲ್ಲ. ಕವರು ತೆಗೆದ ಸುದ್ದಿ ಮಾತ್ರ ಸಂಜೆಯೊಳಗೆ ಮದ್ದೂರು ತಲುಪಿತು. ಅದಕ್ಕೆ ಯಾವ ಅಡ್ಡಿಯೂ ಆಗಲಿಲ್ಲ.

"ಬಿಕ್ಕಳಿಕೆ ಬಂದ್ರೆ ಯಾರೋ ನೆನೆಸ್ಕೊಳ್ತಾ ಇದಾರೆ ಅಂತ ಅರ್ಥ" ಅಂದಳು ಸುನಂದ. "ಕೆರಗೋಡಿನೋರು ದಿನಕ್ಕೆರಡು ಸಲ ನೆನೆಸ್ಕೊಳ್ತಾ ಇದಾರೆ. ಅವರ ಮದುವೆ ವಿಡಿಯೋ ಕೊಡದೆ ಮೂರು ತಿಂಗಳಾಯ್ತು. ಏಳಿ ಮೇಲೆ, ನಾನು ಮುಗಿಸ್ತೀನಿ."

ಶುಕ್ರವಾರ ಮಧ್ಯಾಹ್ನ, ಯುದ್ಧಭೂಮಿಯಿಂದ ನನ್ನನ್ನು ಎಬ್ಬಿಸಿ ಅವಳು ಕೂತಳು. ಸ್ವಲ್ಪ ಹೊತ್ತಿಗೆ, "ಏನ್ರೀ, ಡಿಸ್ಕು ತುಂಬಿದೆ ಅಂತಿದೆಯಲ್ಲ? ಇಷ್ಟೊಂದು ಏನ್ ತುಂಬಿದೀರ?" ಅಂದಳು. ಒಂದು ವಿಡಿಯೋ ತೆರೆದಳು. ಅದರಲ್ಲಿ ನಾನು ಸತ್ತೆ. ಇನ್ನೊಂದು ತೆರೆದಳು. ಅದರಲ್ಲೂ ಸತ್ತೆ. ಮೂರನೆಯದರಲ್ಲಿ ಗೋಡೆಯ ಕಡೆ ಮುಖ ಮಾಡಿಕೊಂಡು ಸತ್ತೆ.

"ಎಷ್ಟು ಸಲ ಸತ್ತಿದೀರ್ರೀ! ಒಂದೂ ಬಿಡದೆ ಇಟ್ಕೊಂಡಿದೀರಲ್ಲ, ತಿಥಿ ಮಾಡೋಕಾ? ದಿನಕ್ಕೊಂದು ಮಾಡಿದ್ರೂ ನನ್ನ ಕಾಲಕ್ಕೆ ಮುಗಿಯಲ್ಲ" ಎಂದು ರೆಕಾರ್ಡಿಂಗಿನ ತಂತ್ರಾಂಶವನ್ನೇ ತೆಗೆದು ಬಿಸಾಕಿದಳು. ಕೆರಗೋಡಿನ ಕೆಲಸ ಮುಗಿಸಿ ಅವಳು ಎದ್ದ ಮೇಲೆ ನಾನು ಆಟ ತೆರೆದೆ. ಮೂಲೆಯ ಅಂಕಿ ನೂರಾ ನಲವತ್ತನಾಲ್ಕರಲ್ಲಿ ನಿಂತಿತು. ಓಡಿದೆ, ಹಾರಿದೆ, ಬಾಂಬು ಎಸೆದೆ. ಅಂಕಿ ಅಲ್ಲಾಡಲಿಲ್ಲ. ಮತ್ತೆ ಅಲ್ಲಾಡಿದ್ದು ಮದ್ದೂರಿನ ಆ ಕುರ್ಚಿ.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ವೃತ್ತಿಗೆ ಬಂದ ಹೊಸದರಲ್ಲಿ ಬೆಸಗರಹಳ್ಳಿಯಲ್ಲಿ ಒಂದು ಮದುವೆ. ಗಟ್ಟಿಮೇಳ ಮೊಳಗಿ, ಅಕ್ಷತೆ ಬಿದ್ದು, ತಾಳಿ ಕಟ್ಟಿದ ಆ ಗಳಿಗೆಯಲ್ಲೇ ನನ್ನ ಕ್ಯಾಮೆರಾದ ಟೇಪು ಕೈಕೊಟ್ಟಿತು. ಗಾಬರಿಯಲ್ಲಿ ನಾನು ಮದುಮಗನಿಗೆ, "ಇನ್ನೊಂದ್ಸಲ ಕಟ್ಟಿ ಸಾರ್" ಅಂದುಬಿಟ್ಟೆ. ಹೆಣ್ಣಿನ ಅಜ್ಜಿ ಊರುಗೋಲು ಎತ್ತಿಕೊಂಡು ಬಂದದ್ದು ಇವತ್ತಿಗೂ ಕಣ್ಣಮುಂದಿದೆ. ನನ್ನ ವಿಡಿಯೋದ ಪ್ರಕಾರ ಆ ಗಂಡು ಹೆಣ್ಣು ಅಕ್ಷತೆ ಹಿಡಿದವರ ನಡುವಿಂದ ನೇರವಾಗಿ ಊಟದ ಪಂಕ್ತಿಗೆ ಹೋಗುತ್ತಾರೆ, ಅವರಿಗೆ ಇನ್ನೂ ಮದುವೆಯೇ ಆಗಿಲ್ಲ. ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಅಂದಿನಿಂದ ನನ್ನದೊಂದು ವ್ರತ: ಏನೇ ತೆಗೆದರೂ ಎರಡು ಕಡೆ ಉಳಿಯಬೇಕು. ಹೊಸ ಕಂಪ್ಯೂಟರಿನಲ್ಲಿ ಆ ಆಷಾಢದ ಆಟ ಶುರುವಾದಾಗಲೂ ನಮ್ಮ ಶೌರ್ಯ ಕಳೆದುಹೋಗಬಾರದೆಂದು ಮೂವರ ಕಂಪ್ಯೂಟರಿಗೂ ರೆಕಾರ್ಡಿಂಗ್ ಹಾಕಿಸಿದ್ದೆ. ಅಷ್ಟೇ ಆಗಿದ್ದರೆ ಕಂಪ್ಯೂಟರು ತಾಳಿಕೊಳ್ಳುತ್ತಿತ್ತೇನೋ. ಆಡುತ್ತಿರುವಾಗಲೇ ನನ್ನದರ ಪ್ರತಿ ಮದ್ದೂರಿಗೆ, ಮದ್ದೂರಿನದು ಮಳವಳ್ಳಿಗೆ, ಮಳವಳ್ಳಿಯದು ಮಂಡ್ಯಕ್ಕೆ ಹೋಗಿ ಬೀಳುವ ಹಾಗೆ ಮಾಡಿದ್ದೆ. ಅಂದರೆ ಮೂರು ಎತ್ತುಗಳೂ ಓಟದ ಪಂದ್ಯಕ್ಕೆ ಇಳಿದಿದ್ದವು, ಪ್ರತಿಯೊಂದರ ಬೆನ್ನಿಗೂ ಎರಡೆರಡು ಗಾಡಿ ಕಟ್ಟಿದವನು ನಾನು. ಆಮೇಲೆ ಎತ್ತು ಯಾಕೆ ಕುಂಟುತ್ತದೆಂದು ಕಾವೇರಿ ನದಿಯನ್ನು ವಿಚಾರಿಸಿದವನೂ ನಾನೇ.

ಸತ್ಯ ತಿಳಿದ ಮೇಲೆ ಸತ್ಯವನ್ನು ಹೇಳಬೇಕು. ಆದರೆ ಎಲ್ಲವನ್ನೂ ಹೇಳಬೇಕೆಂದು ಯಾವ ಹಿರಿಯರೂ ನನಗೆ ಹೇಳಿಕೊಟ್ಟಿಲ್ಲ. ಇಬ್ಬರಿಗೂ ಫೋನ್ ಹಚ್ಚಿ, ಗಂಭೀರವಾಗಿ, "ಡ್ರೈವರಿನಲ್ಲಿ ಒಂದು ಸೂಕ್ಷ್ಮ ದೋಷ ಇತ್ತು. ಕಂಡುಹಿಡಿದೆ. ಹೊಸದನ್ನು ಹಾಕಿಕೊಳ್ಳಿ, ಹಾಗೇ ಆ ರೆಕಾರ್ಡಿಂಗ್ ತೆಗೆದುಬಿಡಿ" ಅಂದೆ.

"ರೆಕಾರ್ಡಿಂಗ್ ಯಾಕ್ಲಾ ತಗೀಬೇಕು?" ಅಂದ ನಂಜುಂಡ. ಅವನು ದಡ್ಡನಲ್ಲ, ಅದೇ ಕಷ್ಟ.

"ಹೊಸ ಡ್ರೈವರಿಗೂ ಅದಕ್ಕೂ ಜಾತಕ ಕೂಡಲ್ಲ ಅಂದ್ಕೊ."

ಜಾತಕ ಅಂದ ಮೇಲೆ ನಮ್ಮ ವೃತ್ತಿಯವರು ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಮೂರೂ ಕಂಪ್ಯೂಟರಿನ ಬಿಕ್ಕಳಿಕೆ ನಿಂತಿತು. ಪುಟ್ಟರಾಜ, "ಬಾವ, ನೀವು ದೊಡ್ಡೋರು ಕಣ್ ಬಾವ" ಅಂದ. ನಾನು ವಿನಯದಿಂದ ಒಪ್ಪಿಕೊಂಡೆ.

ಭಾನುವಾರದ ಪಂದ್ಯ ತುಂಬಿದ ನಾಲೆಯ ನೀರಿನಂತೆ ನಯವಾಗಿ ಹರಿಯಿತು. ಮೈಸೂರಿನ ಇಬ್ಬರನ್ನು ನಂಜುಂಡ ಹೊಡೆದ. ಆಮೇಲೆ ನಂಜುಂಡನೂ ಪುಟ್ಟರಾಜನೂ ಬಿದ್ದರು. ಉಳಿದದ್ದು ನಾನೊಬ್ಬ, ಅಕ್ಕಿ ಗಿರಣಿಯ ತಾರಸಿಯ ಮೇಲೆ ಮೈಸೂರಿನವನೊಬ್ಬ. ಅವನು ಅಂಚಿಗೆ ಬಂದ. ನಾನು ಉಸಿರು ಹಿಡಿದು ಗುಂಡು ಹಾರಿಸಿದೆ. ಅವನು ಬಿದ್ದ. ಗೆದ್ದೆವು! ಇಷ್ಟು ವರ್ಷದಲ್ಲಿ ಮೊದಲ ಸಲ.

"ಗೆದ್ಬುಟ್ವು ಬಾವ!" ಎಂದು ಕಿರುಚಿದ ಪುಟ್ಟರಾಜ. "ನಮ್ ಪುಣ್ಯ, ಬಡ್ಡಿಮಗ ಕಾಲ್ ಜಾರಿ ಬಿದ್ಬುಟ್ಟ!"

"ಕಾಲು ಜಾರಿ ಅಲ್ಲಪ್ಪ. ನಾನು ಹೊಡೆದದ್ದು."

"ಇಲ್ಲ ಬಾವ. ನಿಮ್ ಗುಂಡು ಚಿಮಣಿಗೆ ಬಡೀತು. ನಾವಿಬ್ರೂ ಸತ್ತು ನಿಮ್ದನ್ನೇ ನೋಡ್ತಾ ಕುಂತಿದ್ವಲ್ಲ."

"ಆಟದ ಪಟ್ಟೀಲೂ ಬಿದ್ದು ಸತ್ತ ಅಂತಾನೇ ಬಂದೈತೆ ಕಣ್ಲಾ" ಅಂದ ನಂಜುಂಡ. "ಒಡ್ದಿದ್ದು ನಿಜ ಆದ್ರೆ ತೋರ್ಸು ಮತ್ತೆ. ಎಲ್ಲಿ, ವಿಡಿಯೋ ಆಕು ನೋಡವ."

ರೆಕಾರ್ಡಿಂಗ್ ನನ್ನದರಲ್ಲೂ ಇಲ್ಲ ಅಂದರೆ ಜಾತಕದ ಮಾತು ಮತ್ತೆ ಮೇಲೆ ಬರುತ್ತದೆ, ಈ ಸಲ ನಂಜುಂಡ ಎರಡನೆಯ ಪ್ರಶ್ನೆ ಕೇಳದೆ ಬಿಡುವುದಿಲ್ಲ, ಬಿಕ್ಕಳಿಕೆ ಯಾಕಿತ್ತು ಎಂಬುದು ಹೊರಬಿದ್ದರೆ ಪಟ್ಟ ಮದ್ದೂರಿಗೆ ಹೋಗುತ್ತದೆ. ಗುಂಡು ಬೇಕೋ ಕುರ್ಚಿ ಬೇಕೋ? ನಾನು ಕುರ್ಚಿಯನ್ನೇ ಆರಿಸಿಕೊಂಡೆ. "ಹೋಗಲಿ ಬಿಡ್ರಪ್ಪ, ಯಾರು ಹೊಡೆದರೇನು, ಗೆದ್ದದ್ದು ತಂಡ" ಅಂದೆ. ಕ್ಯಾಪ್ಟನ್ ಆದವನು ಆಡುವ ಮಾತೇ ಅದು ಎಂದು ಇಬ್ಬರೂ ಮೆಚ್ಚಿಕೊಂಡರು.

ಮನೆಯಲ್ಲಿ ಮಾತ್ರ ಬಿಡಲಿಲ್ಲ. ಸುನಂದಳ ಮುಂದೆ ಕೈಕಾಲು ಆಡಿಸಿ, ತಾರಸಿಗೆ ಸ್ಟೂಲು ಇಟ್ಟು, ಚಿಮಣಿಗೆ ಒನಕೆ ನಿಲ್ಲಿಸಿ, ಇಡೀ ಘಟನೆಯನ್ನು ಎರಡೆರಡು ಸಲ ಅಭಿನಯಿಸಿ ತೋರಿಸಿದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಾ ಪೂರ್ತಿ ನೋಡಿದಳು. "ಎರಡನೇ ಸಲ ಮಾಡಿದಾಗ ಬಂದೂಕು ಎಡಗೈಲಿತ್ತು" ಅಂದಳು.

ಈಗ ನನಗೂ ಒಮ್ಮೊಮ್ಮೆ ಅನುಮಾನ ಬರುತ್ತದೆ. ಗುಂಡು ತಾಗಿದ ಸದ್ದು ಕೇಳಿದ ಹಾಗಿತ್ತು, ಆದರೆ ಚಿಮಣಿಯೂ ಸದ್ದು ಮಾಡುತ್ತದಲ್ಲ. ನಾನು ಸತ್ತದ್ದಕ್ಕಾದರೆ ಮಂಡ್ಯ ಮತ್ತು ಮದ್ದೂರಿನಲ್ಲಿ ಒಂದೊಂದು ಪ್ರತಿ, ಬಣ್ಣ ಬಣ್ಣದ ಸಾಕ್ಷಿಯಿದೆ. ನಾನು ಹೊಡೆದದ್ದಕ್ಕೆ ಉಳಿದಿರುವುದು ಈ ಬರಹವೊಂದೇ. ಅದನ್ನೂ ಬರೆದವನು ನಾನೇ ಆದ್ದರಿಂದ, ನೀವು ನಂಬಲೇಬೇಕೆಂದು ಒತ್ತಾಯ ಮಾಡುವ ಧೈರ್ಯ ನನಗಿಲ್ಲ.